ಹಳೆಯ ಓಮ್ನಿಯೋ, ಈಕೋ ಕಾರ್ಗೋವೋ?

ಬೇಕರಿ ಅಥವಾ ಊಟದ ಸರಬರಾಜಿನಂಥ ಸಣ್ಣ ವ್ಯಾಪಾರಕ್ಕೆ ಮುಚ್ಚಿದ ಸೆಕೆಂಡ್ ಹ್ಯಾಂಡ್ ವ್ಯಾನ್ ಹುಡುಕುವವರ ಮುಂದೆ ಸಾಮಾನ್ಯವಾಗಿ ಮಾರುತಿಯ ಎರಡು ಗಾಡಿಗಳು ನಿಲ್ಲುತ್ತವೆ: ಓಮ್ನಿ ಮತ್ತು ಈಕೋ ವ್ಯಾನಿನ ಸರಕು ಮಾದರಿಯಾದ ಈಕೋ ಕಾರ್ಗೋ. ಓಮ್ನಿಯ 796 ಸಿಸಿ ಎಂಜಿನ್ ಸರಳವಾದುದು, ಊರಿನ ಯಾವ ಮೆಕ್ಯಾನಿಕ್ಕಿಗೂ ಪರಿಚಿತವಾದುದು. ಆದರೆ ಅದರ ತಯಾರಿಕೆ 2019ರಲ್ಲೇ ನಿಂತುಹೋದ ಕಾರಣ, ಇಂದು ಮಾರಾಟಕ್ಕೆ ಬರುವ ಓಮ್ನಿಗಳಲ್ಲಿ ಹೆಚ್ಚಿನವು ಆಯಸ್ಸಿನ ಬಹುಭಾಗ ಕಳೆದವು. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಬಾಗಿಲಿನ ಅಂಚು, ನೆಲದ ತಗಡು ಮತ್ತು ಜಾರುಬಾಗಿಲಿನ ಹಳಿಗಳನ್ನು ತುಕ್ಕಿಗಾಗಿ ಪರೀಕ್ಷಿಸದೆ ಮುಂಗಡ ಕೊಡಬಾರದು.

2010ರಲ್ಲಿ ಬಂದ ಈಕೋಗೆ ಸುಮಾರು 1200 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಇರುವುದರಿಂದ ಭಾರ ಹೊತ್ತು ಘಾಟಿ ಏರುವುದು ಅದಕ್ಕೆ ಅಷ್ಟು ಕಷ್ಟವಲ್ಲ. ಎರಡರಲ್ಲೂ ಎಂಜಿನ್ ಮುಂದಿನ ಸೀಟಿನ ಕೆಳಗಿದ್ದು, ಬೇಸಿಗೆಯ ಸೆಕೆ ಚಾಲಕನಿಗೆ ತಪ್ಪಿದ್ದಲ್ಲ.

ದಿನವೂ ಸರಕು ಸಾಗಿಸುವವರು ಹೆಚ್ಚು ಹಣ ಕೊಟ್ಟಾದರೂ ಈಕೋವನ್ನೇ ಆರಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ. ಪೇಟೆಯೊಳಗೆ ಹಗುರ ಸಾಮಾನು ಒಯ್ಯುವವರಿಗೆ ಮಾತ್ರ ಓಮ್ನಿ ಸಾಕು. ಸಿಎನ್‌ಜಿ ಗಾಡಿಯಾದರೆ ಸಿಲಿಂಡರಿನ ಮೂರು ವರ್ಷಕ್ಕೊಮ್ಮೆಯ ಪರೀಕ್ಷೆಯ ಪ್ರಮಾಣಪತ್ರವನ್ನೂ, ಆರ್‌ಸಿಯಲ್ಲಿ ವಾಹನವು ಸರಕು ಸಾಗಣೆಗೆಂದೇ ನೋಂದಣಿಯಾಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.