ಹಳೆಯ ಹೆಸರು ಹಿಡಿದು ಬಂದವರಿಗೂ ಜೀನ್ ಸಿಗಬೇಕು: ಮೂರು ದಾರಿಗಳ ಹೋಲಿಕೆ

ಪೀಚ್ ಹಣ್ಣಿನ ಜೀನೋಮ್ (ಅದರ ಇಡೀ ಡಿಎನ್‌ಎಯ ಅಕ್ಷರಸರಣಿ) ಕುರಿತ ಪ್ರಬಂಧ 2013ರಲ್ಲಿ ಪ್ರಕಟವಾದಾಗ ಅದರ ಜೀನ್‌ಗಳ ಹೆಸರು ‘ಪಿಪಿಎ’ ಎಂಬ ಅಕ್ಷರಗಳಿಂದ ಶುರುವಾಗುತ್ತಿತ್ತು. ಆ ಜೀನೋಮ್‌ನ ಎರಡನೇ ಆವೃತ್ತಿಯಲ್ಲಿ ಅವಕ್ಕೆ ‘ಪ್ರುಪೆ’ ಎಂದು ಆರಂಭವಾಗುವ ಹೊಸ ಹೆಸರುಗಳು ಬಂದವು. ಹಳೆಯ ಪ್ರಬಂಧವನ್ನು ಓದಿದ ತಳಿ ಸಂಶೋಧಕರು ಹಳೆಯ ಹೆಸರನ್ನೇ ಹುಡುಕುತ್ತಾರೆ. ಅದು ಸಿಗದಿದ್ದರೆ ಎಷ್ಟು ದೊಡ್ಡ ಡೇಟಾಬೇಸ್ ಆದರೂ ಅವರ ಪಾಲಿಗೆ ಬೀಗ ಹಾಕಿದ ಮನೆ. ಸೇಬು, ಪೀಚ್, ಸ್ಟ್ರಾಬೆರಿಗಳೆಲ್ಲ ಸೇರುವ ಗುಲಾಬಿ ಕುಟುಂಬದ ಸಾರ್ವಜನಿಕ ಮಾಹಿತಿಯನ್ನು ಬಳಸಿ ನಾನು ಮೂರು ರೀತಿಯಲ್ಲಿ ಡೇಟಾಬೇಸ್ ಕಟ್ಟಿ ನೋಡಿದೆ. ಮೂರಕ್ಕೂ ಒಡ್ಡಿದ ಪರೀಕ್ಷೆ ಇದೊಂದೇ.

ಮೊದಲನೆಯದು ಸ್ವಂತ ವಿನ್ಯಾಸ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಒಂದು ಕೋಷ್ಟಕ: ಜೀನ್‌ನ ಹೆಸರು, ವರ್ಣತಂತು, ಆರಂಭ, ಅಂತ್ಯ. ಪೀಚ್ ಒಂದೇ ಇದ್ದಾಗ ಬಹಳ ಚೆನ್ನಾಗಿ ನಡೆಯಿತು. ಸೇಬು ಬಂದಾಗ ಒಂದು ಕಾಲಂ ಸೇರಿಸಿದೆ. ಪೀಚಿನ ಎರಡನೇ ಆವೃತ್ತಿ ಬಂದಾಗ ಒಂದೇ ಜೀನ್‌ಗೆ ಎರಡು ಹೆಸರು, ಎರಡು ಸ್ಥಾನ. ನನ್ನ ಕೋಷ್ಟಕದಲ್ಲಿ ಇದ್ದದ್ದು ಒಂದೊಂದಕ್ಕೆ ಮಾತ್ರ ಜಾಗ. ಅಲ್ಲಿಗೆ ಕೈಬಿಟ್ಟೆ.

ಎರಡನೆಯದು ಜೆಬ್ರೌಸ್ 2, ಜೀನೋಮನ್ನು ಬ್ರೌಸರ್‌ನಲ್ಲಿ ತೋರಿಸುವ ತಂತ್ರಾಂಶ. ಇದರ ಮೇಲೆ ನನಗೆ ನಿಜವಾದ ಪ್ರೀತಿ ಇದೆ. ಸೇಬಿನ ಜೀನೋಮ್ ಸುಮಾರು 65 ಕೋಟಿ ಅಕ್ಷರಗಳಷ್ಟಿದೆ. ಅದರ ಕಡತವನ್ನು ತುಂಡುತುಂಡಾಗಿ ಕುಗ್ಗಿಸಿ, ಸೂಚಿ ಮಾಡಿ ಸರ್ವರ್‌ನಲ್ಲಿ ಇಟ್ಟರೆ ಸಾಕು. ಓದುಗರು ನೋಡುತ್ತಿರುವ ಭಾಗಕ್ಕೆ ಬೇಕಾದ ತುಂಡುಗಳಷ್ಟೇ ಅವರ ಬ್ರೌಸರ್‌ಗೆ ಬರುತ್ತವೆ. ಹಿಂದೆ ಡೇಟಾಬೇಸ್ ಬೇಡ, ಭಾರಿ ಯಂತ್ರವೂ ಬೇಡ. ಒಂದು ಮಧ್ಯಾಹ್ನದಲ್ಲಿ ನನ್ನ ಬಳಿಯಿದ್ದ ಜೀನೋಮ್‌ಗಳು ಪರದೆಯ ಮೇಲಿದ್ದವು. ಪಕ್ಕದಲ್ಲಿ ಸೀಕ್ವೆನ್ಸ್‌ಸರ್ವರ್ ಎಂಬ ತಂತ್ರಾಂಶ ಹಾಕಿದೆ, ಹೋಲುವ ಅಕ್ಷರಸರಣಿಗಳನ್ನು ಹುಡುಕುವ ಬ್ಲಾಸ್ಟ್ ಕೂಡ ಸಿದ್ಧವಾಯಿತು. ಆದರೆ ಹೆಸರಿನ ವಿಷಯದಲ್ಲಿ, ಕಡತದಲ್ಲಿ ಬರೆದದ್ದನ್ನು ಮಾತ್ರ ಇದು ಬಲ್ಲದು. ಜೀನ್‌ಗಳ ಸ್ಥಾನ, ವಿವರಗಳನ್ನು ಬರೆದಿಡುವ ಜಿಎಫ್‌ಎಫ್3 ಮಾದರಿಯ ಕಡತದ ಒಂಬತ್ತನೇ ಕಾಲಂನಲ್ಲಿ ಹಳೆಯ ಹೆಸರುಗಳನ್ನು ನಾನೇ ತುಂಬಿ, ಹುಡುಕಾಟದ ಸೂಚಿಯನ್ನು ಮತ್ತೆ ಮಾಡಿದೆ, ಸಿಕ್ಕವು. ಆದರೆ ಹಣ್ಣಿನ ಗಾತ್ರಕ್ಕೆ ಸಂಬಂಧಿಸಿದ ಮಾರ್ಕರ್ (ಡಿಎನ್‌ಎಯಲ್ಲಿನ ಗುರುತು) ಯಾವುದು, ಅದನ್ನು ಯಾವ ತಳಿಗಳ ಸಂಕರದಲ್ಲಿ ಕಂಡುಕೊಂಡರು ಎಂಬ ಮುಂದಿನ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಅದು ನೋಡುವ ಕಿಟಕಿ. ನೆನಪಿಡುವ ಕೆಲಸ ಅದರದಲ್ಲ.

ಮೂರನೆಯದು ಟ್ರೈಪಲ್. ಜಾಲತಾಣ ಕಟ್ಟುವ ಡ್ರೂಪಲ್ ತಂತ್ರಾಂಶದ ಮೇಲೆ ನಿಂತ ಇದು ಒಳಗೆ ಚಾಡೋ ಎಂಬ ಡೇಟಾಬೇಸ್ ವಿನ್ಯಾಸವನ್ನು ಬಳಸುತ್ತದೆ. ಹಣ್ಣುನೊಣದ ಜೀನೋಮ್‌ಗಾಗಿ ರೂಪುಗೊಂಡ ಚಾಡೋ ಈಗ ಹಣ್ಣಿನ ಗಿಡಗಳಿಗೂ ಒದಗುತ್ತಿದೆ. 2003ರಿಂದ ನಡೆದುಬಂದಿರುವ, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ನೋಡಿಕೊಳ್ಳುವ ಗುಲಾಬಿ ಕುಟುಂಬದ ದೊಡ್ಡ ಡೇಟಾಬೇಸ್ ನಿಂತಿರುವುದೂ ಇದರ ಮೇಲೆಯೇ. ಕಲಿಯುವುದು ಕಷ್ಟ, ಇದನ್ನು ಮುಚ್ಚಿಡುವುದಿಲ್ಲ. ಅನುಸ್ಥಾಪನೆಗೇ ನಾಲ್ಕು ದಿನ ಹೋಯಿತು. ಡ್ರೂಪಲ್ 7ಕ್ಕೆ ಬೆಂಬಲ 2025ರ ಜನವರಿಯಲ್ಲಿ ನಿಂತಿರುವುದರಿಂದ ಹೊಸಬರು ಟ್ರೈಪಲ್ 4ರಿಂದಲೇ ಆರಂಭಿಸಬೇಕು.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಆತುರದಲ್ಲಿ, ಮಾಹಿತಿ ತುಂಬಲೆಂದೇ ಟ್ರೈಪಲ್‌ನಲ್ಲಿರುವ ಲೋಡರ್ ಬಿಟ್ಟು ನನ್ನದೇ ಸ್ಕ್ರಿಪ್ಟ್‌ನಿಂದ ಪೀಚಿನ ಜೀನ್‌ಗಳನ್ನು ತುಂಬಿದೆ. ಪ್ರೋಟೀನ್ ಸಂಕೇತದ ಮೊದಲ ಮೂರು ಅಕ್ಷರ ‘ಎಟಿಜಿ’ ಬರಬೇಕಿತ್ತು. ಪರದೆಯ ಮೇಲೆ ‘ಟಿಜಿ’ಯಿಂದ ಶುರು. ಇನ್ನೊಂದು ಜೀನ್ ತೆರೆದೆ, ಅಲ್ಲೂ ‘ಟಿಜಿ’. ಜಿಎಫ್‌ಎಫ್3 ಎಣಿಕೆಯನ್ನು ಒಂದರಿಂದ ಆರಂಭಿಸುತ್ತದೆ. ಚಾಡೋ ಅಕ್ಷರಗಳ ನಡುವಿನ ಸಂದುಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಆರಂಭದ ಅಂಕಿಯಿಂದ ಒಂದನ್ನು ಕಳೆಯದ ಕಾರಣ ಪ್ರತಿ ಜೀನ್‌ನ ಒಂದು ತುದಿಯಿಂದ, ನಾನು ತೆರೆದವುಗಳಲ್ಲಿ ತಲೆಯಿಂದ, ಒಂದು ಅಕ್ಷರ ಉದುರಿತ್ತು. ಎಲ್ಲವನ್ನೂ ಅಳಿಸಿ ಲೋಡರ್‌ನಿಂದಲೇ ಮತ್ತೆ ತುಂಬಿದೆ.

ಅಷ್ಟು ಕಷ್ಟಪಟ್ಟ ಮೇಲೆ ಸಿಕ್ಕಿದ್ದೇನು? ಚಾಡೋದಲ್ಲಿ ಪರ್ಯಾಯ ಹೆಸರುಗಳಿಗೆಂದೇ ಬೇರೆ ಕೋಷ್ಟಕವಿದೆ. ಒಂದು ಜೀನ್‌ಗೆ ಎಷ್ಟು ಹೆಸರನ್ನಾದರೂ ಕಟ್ಟಬಹುದು, ಯಾವ ಹೆಸರು ಯಾವ ಪ್ರಬಂಧದ್ದು ಎಂಬುದನ್ನೂ ದಾಖಲಿಸಬಹುದು. ‘ಪಿಪಿಎ’ ಎಂದು ಟೈಪ್ ಮಾಡಿದವರು ನೇರವಾಗಿ ಹೊಸ ಪುಟಕ್ಕೆ ಹೋಗುತ್ತಾರೆ. ಮಾರ್ಕರ್, ಸಂಕರ, ತಳಿ ಎಲ್ಲಕ್ಕೂ ಅದರದರ ಜಾಗವಿದೆ. ಮೂರರಲ್ಲಿ ಹಳೆಯ ಹೆಸರಿಗೆ ಮರ್ಯಾದೆಯ ಸ್ಥಾನ ಕೊಟ್ಟಿದ್ದು ಇದೊಂದೇ.

ಒಂದೇ ಗಿಡ, ಒಂದೇ ಆವೃತ್ತಿ ಇರುವವರು ಟ್ರೈಪಲ್‌ಗೆ ಕೈಹಾಕಬೇಡಿ, ಜೆಬ್ರೌಸ್ ಸಾಕು. ಇಡೀ ಕುಟುಂಬವನ್ನು ಹಿಡಿಯುವವರು ಮೊದಲ ದಿನದಿಂದಲೇ ಚಾಡೋ ಕಲಿಯಿರಿ, ಜೆಬ್ರೌಸ್ ಅನ್ನು ಅದರ ಜೊತೆಗೆ ಜೋಡಿಸಿಕೊಳ್ಳಿ. ನನ್ನ ಸರ್ವರ್‌ನಲ್ಲಿ ಈಗ ಹಾಗೆಯೇ ಇದೆ. ಮುಂದೆ ತುಂಬಬೇಕಾದದ್ದು 2019ರಲ್ಲಿ ಪ್ರಕಟವಾದ ತೋಟದ ಸ್ಟ್ರಾಬೆರಿಯ ಜೀನೋಮ್: ಏಳು ಬಗೆಯ ವರ್ಣತಂತುಗಳು, ಪ್ರತಿ ಬಗೆಯಲ್ಲೂ ನಾಲ್ಕು ಒಡಹುಟ್ಟುಗಳು, ಒಟ್ಟು 28. ಅವುಗಳ ಹೆಸರಿನ ಪಟ್ಟಿಯನ್ನು ಈ ವಾರ ಶುರು ಮಾಡಿದ್ದೇನೆ.