ಯುದ್ಧ ಮತ್ತು ಸುದ್ದಿ: ಮೂರು ಕಾದಂಬರಿ, ಮುಂಬೈಯ ಓದುಗರ ಒಂದು ಜಗಳ

ಮಾಟುಂಗದಲ್ಲಿ ಸೇರುವ ನಮ್ಮ ಕನ್ನಡ ಓದುಗರ ಗುಂಪು ಈ ಮಳೆಗಾಲಕ್ಕೆ ಒಂದೇ ವಿಷಯ ಹಿಡಿದಿತ್ತು. ಯುದ್ಧ ಬಂದಾಗ ಸುದ್ದಿಯನ್ನು ಯಾರು ತಿರುಚುತ್ತಾರೆ, ಹೇಗೆ ತಿರುಚುತ್ತಾರೆ? ಅದಕ್ಕಾಗಿ ಮೂರು ಇಂಗ್ಲಿಷ್ ಕಾದಂಬರಿ ಆರಿಸಿ ಎದುರುಬದುರು ಇಟ್ಟು ಓದಿದೆವು. ಲ್ಯಾರಿ ಬೈನ್‌ಹಾರ್ಟ್ ಅವರ 'ಅಮೆರಿಕನ್ ಹೀರೋ' (1993), ಈವ್ಲಿನ್ ವಾ ಅವರ 'ಸ್ಕೂಪ್' (1938), ಗ್ರಹಾಂ ಗ್ರೀನ್ ಅವರ 'ದಿ ಕ್ವಯೆಟ್ ಅಮೆರಿಕನ್' (1955). ಕೊನೆಯ ಎರಡರ ಹಳೇ ಪ್ರತಿ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹುಡುಕಿದರೆ ಸಿಗುತ್ತದೆ. ಮೊದಲನೆಯದು ಸ್ವಲ್ಪ ಕಷ್ಟ. ಸಿನಿಮಾ ಬಂದ ಮೇಲೆ ಅದು 'ವ್ಯಾಗ್ ದ ಡಾಗ್' ಹೆಸರಲ್ಲೂ ಅಚ್ಚಾಗಿದೆ, ಆ ಹೆಸರು ಹೇಳಿ ಕೇಳಿ.

ಅಪ್ಪಟ ಥ್ರಿಲ್ಲರ್ ಅಂದರೆ 'ಅಮೆರಿಕನ್ ಹೀರೋ'. ಕತೆಯ ಎಳೆ ಹೀಗಿದೆ. ಅಮೆರಿಕದ ಅಧ್ಯಕ್ಷ ಹಿರಿಯ ಜಾರ್ಜ್ ಬುಷ್ ಮತ್ತೆ ಚುನಾವಣೆ ಗೆಲ್ಲಬೇಕು. ರಾಜಕೀಯ ತಂತ್ರಗಾರ ಲೀ ಆಟ್‌ವಾಟರ್ ಸಾಯುವ ಮುಂಚೆ ಒಂದು ಗುಟ್ಟಿನ ಟಿಪ್ಪಣಿ ಬರೆದಿಡುತ್ತಾನೆ: ಒಂದು ಯುದ್ಧ ಮಾಡಿ, ಅದನ್ನು ಹಾಲಿವುಡ್ ನಿರ್ದೇಶಕನ ಕೈಯಲ್ಲಿ ಕೊಡಿ. ಹಾಗೆ ಹುಟ್ಟುವುದೇ ಇರಾಕಿನ ಕೈಯಿಂದ ಕುವೈತನ್ನು ಬಿಡಿಸಲು ನಡೆದ 1991ರ ಕೊಲ್ಲಿ ಯುದ್ಧ. ಆಟ್‌ವಾಟರ್ ನಿಜವಾಗಿ ಬದುಕಿದ್ದ ಮನುಷ್ಯ. ಆ ವರ್ಷದ ಮಾರ್ಚ್‌ನಲ್ಲಿ ಮೆದುಳಿನ ಗಡ್ಡೆಯಿಂದ ತೀರಿಕೊಂಡ. ಟಿಪ್ಪಣಿ ಮಾತ್ರ ಕಲ್ಪನೆ. ಇದರ ನಡುವೆ ಒಬ್ಬ ಖಾಸಗಿ ಪತ್ತೇದಾರ, ಒಬ್ಬ ನಟಿ, ಅವರ ಪ್ರೇಮ. ಪುಟದ ಕೆಳಗೆ ಸಾಲುಸಾಲು ಅಡಿಟಿಪ್ಪಣಿ.

ಗುಂಪು ಒಡೆದದ್ದು ಈ ಅಡಿಟಿಪ್ಪಣಿಗಳ ಮೇಲೆಯೇ. ಮುಲುಂಡಿನಿಂದ ಬರುವ ಹುಡುಗನಿಗೆ ಅವು ಬಹಳ ಹಿಡಿಸಿದವು. ಎಲ್ಲಿ ನಿಜ ಮುಗಿಯುತ್ತದೆ, ಎಲ್ಲಿ ಕತೆ ಶುರುವಾಗುತ್ತದೆ ಅಂತ ಗೊತ್ತಾಗದಿರುವುದೇ ಮಜಾ ಅಂದ. ಹೋಟೆಲ್ ನಡೆಸಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟಿರುವ ಶೆಟ್ಟರು, ಚಿಕ್ಕ ವಯಸ್ಸಲ್ಲಿ ಮುಂಬೈಯ ರಾತ್ರಿ ಶಾಲೆಯಲ್ಲಿ ಕಲಿತವರು, ಒಪ್ಪಲಿಲ್ಲ. "ಮಾರಾಯ್ರೆ, ಗೊತ್ತಾಗದಿದ್ದರೆ ಟಿವಿಗೂ ಪುಸ್ತಕಕ್ಕೂ ವ್ಯತ್ಯಾಸ ಎಂಥದ್ದು?" ಅಂದರು.

ಆದರೆ ಆ ದಿನದ ಮುಖ್ಯ ಮಾತು ಆಡಿದ್ದು ಉಡುಪಿ ಕಡೆಯ ಒಬ್ಬ ಅಕ್ಕ. ಅವರ ಅಣ್ಣ 1990ರಲ್ಲಿ ಕುವೈತಿನಲ್ಲಿದ್ದರು. ಆಗಸ್ಟ್ 2ಕ್ಕೆ ಇರಾಕ್ ಸೇನೆ ನುಗ್ಗಿತು. ಆಮೇಲೆ ಏರ್ ಇಂಡಿಯಾ ವಿಮಾನಗಳು ಜೋರ್ಡಾನಿನ ಅಮ್ಮಾನ್‌ನಿಂದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಮುಂಬೈಗೆ ತಂದವು. ಅವರಲ್ಲಿ ಈ ಅಣ್ಣನೂ ಒಬ್ಬರು. ಮನೆ, ಸಾಮಾನು, ಬಾಕಿ ಸಂಬಳ ಎಲ್ಲ ಅಲ್ಲೇ ಬಿಟ್ಟು ಬಂದಿದ್ದರು. "ಯಾರೋ ಕೋಣೆಯಲ್ಲಿ ಕೂತು ಬರೆದ ಸ್ಕ್ರಿಪ್ಟ್ ಅಂತ ಓದುವಾಗ ನನಗೆ ಸಿಟ್ಟು ಬಂತು. ನಮ್ಮಣ್ಣ ನಡೆದ ಮರಳುಗಾಡು ಸೆಟ್ ಅಲ್ಲ" ಅಂದರು ಅಕ್ಕ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇದರ ಜೊತೆಗೇ ಇನ್ನೊಂದು ಸತ್ಯವನ್ನೂ ಇಡಬೇಕು. 1990ರ ಅಕ್ಟೋಬರ್ 10ರಂದು ವಾಷಿಂಗ್ಟನ್ನಿನಲ್ಲಿ ಸಂಸದರ ಮುಂದೆ ನಾಯಿರಾ ಅನ್ನುವ 15 ವರ್ಷದ ಹುಡುಗಿ ಅಳುತ್ತಾ ಸಾಕ್ಷಿ ಹೇಳಿದಳು. ಇರಾಕಿ ಸೈನಿಕರು ಕುವೈತಿನ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳಿಂದ ಹಸುಗೂಸುಗಳನ್ನು ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಅಂದಳು. ಅಧ್ಯಕ್ಷ ಬುಷ್ ಈ ಕತೆಯನ್ನು ಮತ್ತೆ ಮತ್ತೆ ಹೇಳಿದರು. ಅವಳು ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಅನ್ನುವುದು ಜನರಿಗೆ ಗೊತ್ತಾದದ್ದು 1992ರ ಜನವರಿಯಲ್ಲಿ, ಯುದ್ಧ ಮುಗಿದ ಮೇಲೆ. ಸಾಕ್ಷಿಯ ಹಿಂದೆ ಹಿಲ್ ಆ್ಯಂಡ್ ನೋಲ್ಟನ್ ಅನ್ನುವ ಪ್ರಚಾರ ಕಂಪನಿ ಕೆಲಸ ಮಾಡಿತ್ತು. ಖರ್ಚಿನ ಹಣ ಬಹುಪಾಲು ಕುವೈತ್ ಸರ್ಕಾರದ್ದು. ದಾಳಿ ನಿಜ, ಕುವೈತಿನ ಜನರ ಕಷ್ಟ ನಿಜ. ಅದರ ಮೇಲೆ ಕೂರಿಸಿದ ಇನ್‌ಕ್ಯುಬೇಟರ್ ಕತೆಗೆ ಆಧಾರ ಸಿಗಲಿಲ್ಲ.

ಬೈನ್‌ಹಾರ್ಟ್ ಸೋಲುವುದು ಇಲ್ಲೇ ಅಂತ ನನಗನ್ನಿಸುತ್ತದೆ. ಇಡೀ ಯುದ್ಧವೇ ಕಟ್ಟುಕತೆ ಅಂದಾಗ ಓದುಗನಿಗೆ ರೋಮಾಂಚನ ಆಗುತ್ತದೆ, ನಿಜ. ಆದರೆ ದೊಡ್ಡ ಸುಳ್ಳುಗಳು ಹೆಚ್ಚಾಗಿ ನಿಜವಾದ ನೋವಿನ ಬೆನ್ನೇರಿ ಬರುತ್ತವೆ. ಅದಕ್ಕೇ ಅವುಗಳನ್ನು ಹಿಡಿಯುವುದು ಕಷ್ಟ. ಪುಸ್ತಕ ಮುಗಿಸಿದ ಮುಲುಂಡಿನ ಹುಡುಗ "ಇನ್ನು ಯಾವ ಸುದ್ದಿಯನ್ನೂ ನಂಬಲ್ಲ" ಅಂದ. ಯಾವುದನ್ನೂ ನಂಬದ ಓದುಗ ಸುಳ್ಳು ಹೇಳುವವನಿಗೆ ಅಡ್ಡಿಯೇ ಅಲ್ಲ, ಅಲ್ವಾ? ಅವನ ಮಾತು ನನಗೆ ಈಗಲೂ ಚಿಂತೆ ಹುಟ್ಟಿಸುತ್ತದೆ.

ಈ ಕಾದಂಬರಿಯಿಂದ ಮಾಡಿದ 'ವ್ಯಾಗ್ ದ ಡಾಗ್' ಸಿನಿಮಾ ಇದಕ್ಕಿಂತ ಬಿಗಿಯಾಗಿದೆ. 1997ರ ಕೊನೆಗೆ ಬಂತು. ಬುಷ್ ಇಲ್ಲ, ಕುವೈತ್ ಇಲ್ಲ. ಹಗರಣದಲ್ಲಿ ಸಿಕ್ಕ ಅಧ್ಯಕ್ಷನನ್ನು ಉಳಿಸಲು ಅಲ್ಬೇನಿಯಾದ ಮೇಲೆ ಇಲ್ಲದ ಯುದ್ಧವೊಂದನ್ನು ಟಿವಿಯಲ್ಲಿ ತೋರಿಸುತ್ತಾರೆ. ಸ್ಟುಡಿಯೋದಲ್ಲಿ ಹುಡುಗಿಯೊಬ್ಬಳು ಚಿಪ್ಸ್ ಪೊಟ್ಟಣ ಎದೆಗೊತ್ತಿಕೊಂಡು ಓಡುತ್ತಾಳೆ. ಪರದೆಯ ಮೇಲೆ ಆ ಪೊಟ್ಟಣ ಬೆಕ್ಕಿನ ಮರಿ ಆಗುತ್ತದೆ. ಕೆಲವೇ ವಾರದಲ್ಲಿ ಆಗಿನ ಅಧ್ಯಕ್ಷ ಕ್ಲಿಂಟನ್ ಅವರ ಲೆವಿನ್‌ಸ್ಕಿ ಹಗರಣ ಹೊರಬಂತು. 1998ರ ಆಗಸ್ಟ್‌ನಲ್ಲಿ ಅಮೆರಿಕ ಸುಡಾನ್ ಮತ್ತು ಅಫ್ಘಾನಿಸ್ತಾನದ ಮೇಲೆ ಕ್ಷಿಪಣಿ ಬಿಟ್ಟಾಗ ಎಲ್ಲರೂ ಈ ಸಿನಿಮಾದ ಹೆಸರೇ ಎತ್ತಿದರು. ಅದಕ್ಕೆ ಎರಡು ವಾರ ಮುಂಚೆ ಕೀನ್ಯಾ ಮತ್ತು ಟಾಂಜಾನಿಯಾದ ಅಮೆರಿಕನ್ ರಾಯಭಾರ ಕಚೇರಿಗಳಲ್ಲಿ ಬಾಂಬ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತಿದ್ದರು. ಸಿನಿಮಾದ ನೆನಪಲ್ಲಿ ಆ ಸತ್ತವರು ಮರೆಯಾಗಿಬಿಟ್ಟರು.

'ಸ್ಕೂಪ್' ಬೇರೆಯೇ ದಾರಿ. ಲಂಡನ್ನಿನ ಪತ್ರಿಕೆಯೊಂದು ಹೆಸರು ಅದಲುಬದಲಾಗಿ, ಹಳ್ಳಿಯ ಹಕ್ಕಿ–ಪ್ರಾಣಿಗಳ ಬಗ್ಗೆ ಅಂಕಣ ಬರೆಯುವ ವಿಲಿಯಂ ಬೂಟ್‌ನನ್ನು ಆಫ್ರಿಕಾದ ಯುದ್ಧಕ್ಕೆ ಕಳಿಸುತ್ತದೆ. ವಾ 1935ರಲ್ಲಿ ಅಬಿಸೀನಿಯಾಕ್ಕೆ (ಈಗಿನ ಇಥಿಯೋಪಿಯಾ) ಪತ್ರಿಕೆಯವರಾಗಿ ಹೋಗಿ ಬಂದವರು. ಕಾದಂಬರಿಯಲ್ಲಿ ಒಂದು ಪ್ರಸಂಗ ಬರುತ್ತದೆ. ಹೆಸರಾಂತ ವರದಿಗಾರನೊಬ್ಬ ರೈಲಿನಲ್ಲಿ ನಿದ್ದೆಹೋಗಿ ಬೇರೆ ದೇಶದ ರಾಜಧಾನಿಯಲ್ಲಿ ಇಳಿಯುತ್ತಾನೆ. ಅಲ್ಲಿ ಗಲಾಟೆಯೇ ಇಲ್ಲ. ಇವನು ಕ್ರಾಂತಿ ಆಗಿದೆ ಅಂತ ತಂತಿ ಕಳಿಸುತ್ತಾನೆ. ಬೇರೆ ಪತ್ರಿಕೆಯವರೂ ಓಡಿಬಂದು ಅದನ್ನೇ ಬರೆಯುತ್ತಾರೆ. ಕೊನೆಗೆ ನಿಜವಾಗಿಯೂ ಕ್ರಾಂತಿ ಆಗುತ್ತದೆ.

ಶೆಟ್ಟರಿಗೆ ಇದೇ ಮೂರರಲ್ಲೂ ದೊಡ್ಡ ಪುಸ್ತಕ. "ಪಿತೂರಿ ಮಾಡಲಿಕ್ಕೆ ಯಾರೂ ಬೇಡ, ಪಕ್ಕದವನಿಗಿಂತ ಮುಂಚೆ ಹೇಳಬೇಕು ಅನ್ನುವ ಆಸೆ ಒಂದೇ ಸಾಕು" ಅನ್ನುತ್ತಾರೆ. ಮುಂಬೈಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2008ರ ನವೆಂಬರ್ ದಾಳಿಯಲ್ಲಿ ಕಮಾಂಡೋಗಳು ಎಲ್ಲಿದ್ದಾರೆ ಅಂತ ಇಡೀ ದೇಶ ಟಿವಿಯಲ್ಲಿ ನೇರವಾಗಿ ನೋಡಿತು. ಕಸಬ್ ಪ್ರಕರಣದ 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆ ನೇರ ಪ್ರಸಾರ ಭದ್ರತಾ ಪಡೆಗಳ ಕೆಲಸವನ್ನು ಕಷ್ಟಕ್ಕೂ ಅಪಾಯಕ್ಕೂ ದೂಡಿತು ಅಂತ ಖಾರವಾಗಿ ಹೇಳಿತು. 2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದಲ್ಲಿ ನಮ್ಮ ಕೆಲವು ವಾಹಿನಿಗಳು ಕರಾಚಿ ಬಂದರಿನ ಮೇಲೆ ನೌಕಾಪಡೆ ದಾಳಿ ಮಾಡಿದೆ ಅಂದವು. ದಾಳಿ ಆಗಿರಲೇ ಇಲ್ಲ. ಅವತ್ತು ರಾತ್ರಿ ಗಡಿಯ ಹಳ್ಳಿಗಳಲ್ಲಿ ಜನ ದೀಪ ಆರಿಸಿ ಕೂತಿದ್ದರು. ಅವರಿಗೆ ಬೇಕಾಗಿದ್ದದ್ದು ಸರಿಯಾದ ಸುದ್ದಿ.

ಆದರೂ 'ಸ್ಕೂಪ್' ಅನ್ನು ನಾನು ಮೊದಲ ಜಾಗದಲ್ಲಿ ಇಡಲಾರೆ. ಆಫ್ರಿಕಾದ ಜನರನ್ನು ವಾ ಬರೆಯುವ ರೀತಿ ಸಹಿಸಲು ಆಗುವುದಿಲ್ಲ. ಯುದ್ಧದಲ್ಲಿ ಸಾಯಬೇಕಾದವರೇ ಅಲ್ಲಿ ತಮಾಷೆಯ ವಸ್ತು. ಆ ಕಾಲವೇ ಹಾಗಿತ್ತು ಅನ್ನುವ ಸಮಜಾಯಿಷಿ ನನಗೆ ಸಾಲದು.

ನನ್ನ ಆಯ್ಕೆ ಗ್ರೀನ್. ವಿಯೆಟ್ನಾಮಿನ ಸೈಗಾನಿನಲ್ಲಿ ಫೌಲರ್ ಅನ್ನುವ ಬ್ರಿಟಿಷ್ ವರದಿಗಾರ. ತಾನು ಯಾರ ಪಕ್ಷವೂ ಅಲ್ಲ, ಕಂಡದ್ದನ್ನು ಬರೆಯುವವನು ಅಷ್ಟೇ ಅಂತ ಅವನ ನಂಬಿಕೆ. ಪೈಲ್ ಅನ್ನುವ ಒಳ್ಳೆಯ ಮನಸ್ಸಿನ ಅಮೆರಿಕನ್ ಯುವಕ ಜನರಲ್ ಥೆ ಅನ್ನುವ ಸೇನಾನಾಯಕನಿಗೆ ಸ್ಫೋಟಕ ಒದಗಿಸುತ್ತಾನೆ. ಚೌಕದಲ್ಲಿ ಬಾಂಬ್ ಸಿಡಿಯುತ್ತದೆ. ಸತ್ತ ಮಗುವನ್ನು ತೊಡೆಯ ಮೇಲಿಟ್ಟುಕೊಂಡ ತಾಯಿ ಅದರ ಮೇಲೆ ತನ್ನ ಹುಲ್ಲಿನ ಟೊಪ್ಪಿ ಮುಚ್ಚಿದ್ದಾಳೆ. ಪೈಲ್ ತನ್ನ ಬೂಟಿಗೆ ಹತ್ತಿದ ರಕ್ತ ನೋಡುತ್ತಾನೆ, ಮಂತ್ರಿಯನ್ನು ಕಾಣುವ ಮುಂಚೆ ಪಾಲಿಶ್ ಮಾಡಿಸಬೇಕು ಅನ್ನುತ್ತಾನೆ. ಈ ಪುಟವನ್ನು ಅಕ್ಕ ಗುಂಪಿನಲ್ಲಿ ಜೋರಾಗಿ ಓದಿದರು. "ಇಲ್ಲಿ ಸತ್ತವರು ಕಾಣಿಸ್ತಾರೆ" ಅಂದರು. ಮೂರು ಪುಸ್ತಕಗಳ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಆ ಬಾಂಬ್ ಕಲ್ಪನೆಯಲ್ಲ. 1952ರ ಜನವರಿಯಲ್ಲಿ ಸೈಗಾನಿನಲ್ಲಿ ನಿಜಕ್ಕೂ ಸಿಡಿದದ್ದು. ಅದರ ಭೀಕರ ಫೋಟೋವನ್ನು ಕಮ್ಯುನಿಸ್ಟ್ ನಾಯಕ ಹೋ ಚಿ ಮಿನ್ ಕಡೆಯವರ ಕೃತ್ಯ ಅಂತ ಪ್ರಚಾರಕ್ಕೆ ಬಳಸಿದರು, ಆದರೆ ಜನರಲ್ ಥೆ ಆ ಬಾಂಬ್ ತನ್ನದೇ ಅಂತ ಒಪ್ಪಿಕೊಂಡಿದ್ದ ಅಂತ ಗ್ರೀನ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಮುಂದೆ ಕಾದಂಬರಿಗೂ ಅದೇ ಗತಿ ಬಂತು. 1958ರ ಹಾಲಿವುಡ್ ಸಿನಿಮಾ ಕತೆಯನ್ನೇ ತಿರುಗಿಸಿ, ಅಮೆರಿಕನ್ ಯುವಕನನ್ನು ನಿರಪರಾಧಿ ಮಾಡಿ, ತಪ್ಪನ್ನು ಕಮ್ಯುನಿಸ್ಟರ ಮೇಲೆ ಹೊರಿಸಿತು. ಗ್ರೀನ್‌ಗೆ ವಿಪರೀತ ಸಿಟ್ಟು ಬಂದಿತ್ತು. ಪುಸ್ತಕಕ್ಕೆ ನಿಷ್ಠವಾದ ಇನ್ನೊಂದು ಸಿನಿಮಾ ಮೈಕೆಲ್ ಕೇನ್ ಅಭಿನಯದಲ್ಲಿ ತಯಾರಾಯಿತು. 2001ರ ಸೆಪ್ಟೆಂಬರ್ ದಾಳಿಯ ನಂತರ ಅದನ್ನು ತಡೆಹಿಡಿದು, 2002ರ ಕೊನೆಗೆ ಬಿಡುಗಡೆ ಮಾಡಿದರು.

ಗ್ರೀನ್ ಪುಸ್ತಕದಲ್ಲೂ ಕೊರತೆ ಇದೆ. ಫುಆಂಗ್ ಅನ್ನುವ ವಿಯೆಟ್ನಾಂ ಹೆಣ್ಣುಮಗಳಿಗೆ ತನ್ನದೇ ಮಾತು ಕಡಿಮೆ. ಇಬ್ಬರು ಗಂಡಸರ ನಡುವೆ ಅವಳು ಸುಮ್ನೆ ಇದ್ದುಬಿಡುತ್ತಾಳೆ. ಗುಂಪಿನ ಹೆಂಗಸರೆಲ್ಲ ಇದನ್ನು ಹೇಳಿದರು, ಸರಿಯಾಗಿಯೇ ಹೇಳಿದರು.

ಲೋಕಲ್ ರೈಲಿನಲ್ಲಿ ಓದುವವರಿಗೆ ಒಂದು ಮಾತು. 'ಅಮೆರಿಕನ್ ಹೀರೋ' ದಪ್ಪ ಪುಸ್ತಕ, ಅಡಿಟಿಪ್ಪಣಿ ಬೇರೆ, ನಿಂತುಕೊಂಡು ಓದಲು ಆಗುವುದಿಲ್ಲ. ಸಮಯ ಕಮ್ಮಿ ಇದ್ದರೆ ಅದರ ಬದಲು ಸಿನಿಮಾ ನೋಡಿ. 'ಸ್ಕೂಪ್' ಚಿಕ್ಕದು, ಪತ್ರಿಕೋದ್ಯಮ ಓದುವ ಮಕ್ಕಳಿಗೆ ಕೊಡುವುದಾದರೆ ಜೊತೆಗೆ ಕೂತು ಮಾತಾಡಿ. ಗ್ರೀನ್ ಅನ್ನು ಯಾರಿಗೆ ಬೇಕಾದರೂ ಕೊಡಿ. 1958ರ ಸಿನಿಮಾವನ್ನು ಮಾತ್ರ ಪುಸ್ತಕಕ್ಕೆ ಮುಂಚೆ ನೋಡಬೇಡಿ.