ಎಂಟು ಮೋಡ್‌ನ ಸೀರಿಯಲ್ ಸೆಟ್: ಮಿಣುಕು ಬೆಳಕಿಗೆ ಹೆದರುವವರಿರುವ ಮನೆಗೆ ತರಬಹುದೇ?

ಹಾಸನಾಂಬೆಯ ಬಾಗಿಲು ತೆರೆದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ಹಾಸನದ ಎಲೆಕ್ಟ್ರಿಕಲ್ ಅಂಗಡಿಗಳ ಮುಂದೆ ಸೀರಿಯಲ್ ಸೆಟ್‌ಗಳು ತೂಗಾಡುತ್ತವೆ. ಹೆಚ್ಚಿನವು ಒಂದೇ ಬಗೆ: ಪ್ಲಗ್ ಪಕ್ಕ ಬೆಂಕಿಪೊಟ್ಟಣದಷ್ಟು ಡಬ್ಬಿ, ಅದರ ಮೇಲೊಂದು ಗುಂಡಿ, ಒತ್ತಿದಂತೆಲ್ಲ ಎಂಟು ಥರದ ಬೆಳಕು. ಮಿಣುಕು ಬೆಳಕು ಕಂಡೊಡನೆ ಎದೆ ಹೊಡೆದುಕೊಂಡು, ಬೆವರಿ, ಅಲ್ಲಿಂದ ಎದ್ದು ಹೋಗುವವರು ಮನೆಯಲ್ಲಿದ್ದರೆ ಅಲಂಕಾರಕ್ಕೆ ಇದು ಬೇಡವೇ ಬೇಡ. ಆದರೆ ಆ ಹೆದರಿಕೆಯನ್ನು ಇಳಿಸಿಕೊಳ್ಳುವ ಅಭ್ಯಾಸಕ್ಕೆ ಇದು ತುಂಬಾ ಒಳ್ಳೆಯ ಸಾಮಾನು.

ಮೊದಲು ಅಲಂಕಾರದ ಮಾತು. ಎಂಟನೇ ಮೋಡ್‌ನಲ್ಲಿ ದೀಪ ಮಿಣುಕದೆ ಉರಿಯುತ್ತದೆ, ಅದರಲ್ಲೇ ಬಿಡಿ ಎನ್ನುತ್ತಾರೆ ಅಂಗಡಿಯವರು. ಆದರೆ ಕರೆಂಟ್ ಹೋಗಿ ಬಂದರೆ ಅಗ್ಗದ ಡಬ್ಬಿ ಮತ್ತೆ ಒಂದನೇ ಮೋಡ್‌ಗೆ ಮರಳುತ್ತದೆ, ಎಲ್ಲ ಥರದ ಮಿಣುಕೂ ಒಂದರ ಹಿಂದೊಂದು ಶುರುವಾಗುತ್ತದೆ. ಹೆದರುವವರಿಗೆ ಮಿಣುಕಿಗಿಂತ ಅದು ಯಾವಾಗ ಬಂದೀತೋ ಎಂಬ ಕಾಯುವಿಕೆಯೇ ದೊಡ್ಡ ಕಷ್ಟ. ಹಾಗಾಗಿ ಅಂಗಡಿಯಲ್ಲೇ ಎಂಟಕ್ಕೆ ಇಟ್ಟು, ಸ್ವಿಚ್ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿಸಿ ನೋಡಿ.

ಇನ್ನೊಂದು ಕೊರತೆ ಕಣ್ಣಿಗೆ ಕಾಣದ್ದು. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಅಗ್ಗದ ಸೆಟ್‌ಗಳಲ್ಲಿ ಅದನ್ನು ಸಮ ಮಾಡುವ ಕೆಪಾಸಿಟರ್ ಇರುವುದಿಲ್ಲ, ಹಾಗಾಗಿ ‘ಸ್ಥಿರ’ ಬೆಳಕೂ ಸೆಕೆಂಡಿಗೆ 50 ಅಥವಾ 100 ಸಲ ಏರಿಳಿಯುತ್ತದೆ. ದೀಪದ ಮುಂದೆ ಕೈಯನ್ನು ಜೋರಾಗಿ ಬೀಸಿ: ಬೆರಳುಗಳು ಬಿಡಿಬಿಡಿಯಾಗಿ ಕಂಡರೆ ಸಂಶಯವೇ ಬೇಡ. ಮೈಗ್ರೇನ್ ಇರುವವರಿಗೆ ಇದೇ ತಲೆನೋವು ತರಬಹುದು. ಬದಲಿಗೆ ಮೊಬೈಲ್ ಚಾರ್ಜರ್‌ಗೆ ಹಾಕುವ 5 ವೋಲ್ಟ್ ಯುಎಸ್‌ಬಿ ಸೆಟ್, ಬರೀ ಆನ್-ಆಫ್ ಇರುವುದು, ರಿಮೋಟ್ ಇಲ್ಲದ್ದು ತನ್ನಿ. ಹಳೇ ಪುಟ್ಟ ಬಲ್ಬಿನ ಸರ ಮನೆಯಲ್ಲಿದ್ದರೆ, ತುದಿ ಕೆಂಪಗಿರುವ ಒಂದು ಬಲ್ಬ್ ಹುಡುಕಿ. ಸರವನ್ನು ಮಿಣುಕಿಸುವುದು ಅದೇ. ಪ್ಲಗ್ ತೆಗೆದು ಅದರ ಜಾಗಕ್ಕೆ ಅದೇ ವೋಲ್ಟ್‌ನ ಮಾಮೂಲಿ ಬಲ್ಬ್ ಹಾಕಿದರೆ ಮಿಣುಕು ನಿಲ್ಲುತ್ತದೆ.

ಅಭ್ಯಾಸಕ್ಕೆ ಇಳಿಯುವ ಮುನ್ನ ಒಂದು ವಿಷಯ ಖಚಿತವಾಗಲೇಬೇಕು. ಹೆದರಿಕೆ ಬೇರೆ, ಬೆಳಕಿನಿಂದ ಬರುವ ಫಿಟ್ಸ್ ಬೇರೆ. ಸೆಕೆಂಡಿಗೆ 3ರಿಂದ 30 ಸಲ ಮಿಣುಕುವ ಬೆಳಕು, ಅದರಲ್ಲೂ ಕಡುಗೆಂಪು, ಕೆಲವರಲ್ಲಿ ಫಿಟ್ಸ್ ತರಿಸುತ್ತದೆ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಟಿವಿ ಕಾರ್ಟೂನ್ ಒಂದರ ಕೆಂಪು-ನೀಲಿ ಮಿಣುಕು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಬೆಳಕಿನ ಮುಂದೆ ಎಂದಾದರೂ ಕೈಕಾಲು ಎಳೆದಿದ್ದರೆ, ಕ್ಷಣಕಾಲ ಎಚ್ಚರ ತಪ್ಪಿದ್ದರೆ, ನರರೋಗ ತಜ್ಞರಲ್ಲಿ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆ) ಆಗುವವರೆಗೆ ಈ ಸೆಟ್ ಮುಟ್ಟಬೇಡಿ. ಅಂಥವರು ಮಿಣುಕಿನ ಎದುರು ಸಿಕ್ಕಿಕೊಂಡರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಬೇಕು. ರೆಪ್ಪೆ ಮುಚ್ಚಿದರೆ ಸಾಲದು, ಬೆಳಕು ಅದರ ಮೂಲಕ ಕೆಂಪಾಗಿ ಒಳಬರುತ್ತದೆ.

ಬರೀ ಹೆದರಿಕೆ ಎಂದು ಗೊತ್ತಾದ ಮೇಲೆ ಈ ಡಬ್ಬಿಯ ನಿಜವಾದ ಉಪಯೋಗ. ಮಿಣುಕಿನ ವೇಗ ನಮ್ಮ ಬೆರಳ ತುದಿಯಲ್ಲಿರುತ್ತದೆ. ಕೋಣೆಯ ದೀಪ ಹಾಕಿಯೇ ಇರಲಿ, ಸೆಟ್ ಹದಿನೈದು ಅಡಿ ದೂರವಿರಲಿ, ಗುಂಡಿ ಯಾವಾಗ ಒತ್ತಬೇಕೆಂಬ ತೀರ್ಮಾನ ಹೆದರುವವರದ್ದೇ ಆಗಿರಲಿ. ಎಂಟನೇ ಮೋಡ್‌ನಿಂದ ಶುರು, ಆಮೇಲೆ ನಿಧಾನಕ್ಕೆ ಮಂಕಾಗಿ ಬೆಳಗುವ ಮೋಡ್ (ಸಾಮಾನ್ಯವಾಗಿ ಆರು, ನಾಲ್ಕು), ಕೊನೆಗೆ ಚಕಚಕ ಮಿಣುಕುವ ಏಳು ಮತ್ತು ಐದು. ಹೆದರಿಕೆಗೆ ಹತ್ತರಲ್ಲಿ ಅಂಕ ಕೊಡಿ. ಆರು ಇದ್ದದ್ದು ಮೂರಕ್ಕೆ ಇಳಿಯುವವರೆಗೆ ಕೂತಿರಿ. ಹೆದರಿಕೆ ಏರಿದ ಹೊತ್ತಿನಲ್ಲೇ ಎದ್ದು ಹೋದರೆ ‘ಓಡಿದ್ದಕ್ಕೇ ಬಚಾವಾದೆ’ ಎಂದು ಮನಸ್ಸು ಕಲಿಯುತ್ತದೆ, ಮರುದಿನ ಕಷ್ಟ ಜಾಸ್ತಿ. ಮೊಬೈಲ್ ನೋಡುತ್ತಾ ಕೂತರೂ ಪ್ರಯೋಜನವಿಲ್ಲ, ಬೆಳಕನ್ನು ನೋಡಲೇಬೇಕು. ಒಂದು ಮೆಟ್ಟಿಲು ಸಲೀಸಾದ ಮೇಲಷ್ಟೇ ದೂರ ಕಡಿಮೆ ಮಾಡಿ, ಆಮೇಲೆ ಕೋಣೆಯ ದೀಪ ಆರಿಸಿ, ಕಟ್ಟಕಡೆಗೆ ಆ ತೀರ್ಮಾನವನ್ನು ಮನೆಯವರಿಗೆ ಬಿಡಿ.

ಮನೆಯವರು ಅವಸರಪಟ್ಟು ಒಂದೇ ಸಂಜೆಗೆ ಪೇಟೆಯ ದೀಪಾಲಂಕಾರದ ನಡುವೆ ನಿಲ್ಲಿಸುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಮನಃಶಾಸ್ತ್ರಜ್ಞರ ಜೊತೆ ಮಾಡಿದರೆ ಇನ್ನೂ ಒಳ್ಳೆಯದು. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ಅಭ್ಯಾಸಕ್ಕೆ ತರುವುದಾದರೆ ಬಣ್ಣಬಣ್ಣದ್ದು ಬಿಟ್ಟು ಬರೀ ಹಳದಿ ಬೆಳಕಿನದು ತನ್ನಿ. ಅರ್ಧ ಗಂಟೆಯಲ್ಲಿ ಡಬ್ಬಿ ಮುಟ್ಟಲಾಗದಷ್ಟು ಬಿಸಿಯಾದರೆ ಅಂಗಡಿಗೆ ವಾಪಸ್ ಕೊಡಿ.